ಕಾವಲುಗಾರನ ದಪ್ಪ ಪುಸ್ತಕ

ನನ್ನ ಭಾವನಿಗೆ ಪುಸ್ತಕಗಳೆಂದರೆ ಪ್ರಾಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರಿಗೆ ಪ್ರಾಣವಾಗಿದ್ದದ್ದು ಪುಸ್ತಕಗಳ ಬೆನ್ನು. ಯಾರ ಮನೆಗೆ ಹೋದರೂ ಕಪಾಟಿನಿಂದ ಒಂದನ್ನು ಎಳೆದು, ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ, "ಅಂಟಿಗೆ ಜಿಪುಣತನ ಮಾಡಿದ್ದಾನೆ" ಎಂದು ಗೊಣಗಿ ವಾಪಸ್ ಇಡುತ್ತಿದ್ದರು. ಒಳಗೆ ಏನಿದೆ ಎಂದು ತೆರೆದೂ ನೋಡುತ್ತಿರಲಿಲ್ಲ. ಜೀವಮಾನದಲ್ಲಿ ಅವರು ಮೊದಲಿನಿಂದ ಕೊನೆಯವರೆಗೆ ಓದಿದ್ದು ಒಂದೇ ಪುಸ್ತಕ, ಅದೂ ಚಿತ್ರಗಳ ಪುಸ್ತಕ. ಅದನ್ನೂ ತಪ್ಪಾಗಿ ಓದಿದ್ದರು. ಹಾಗೆಂದು ಗೊತ್ತಾದದ್ದು ಮುದುಕರಾದ ಮೇಲೆ, ಗೊತ್ತಾಗಲೇಬಾರದಾಗಿದ್ದ ಹೊತ್ತಿನಲ್ಲಿ.

ಭಾವ ಬೈಂಡರ್. ರೈಲು ಹಳಿಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಹಾಸಿಗೆ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಅವರ ಅಂಗಡಿ. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನದರಲ್ಲಿ ಸಂಸಾರ, ನಡುವೆ ಒಂದು ಪರದೆ. ಆ ಪರದೆಗೆ ಯಾವತ್ತೂ ಮರ್ಯಾದೆ ಇರಲಿಲ್ಲ. ಹಾಸಿಗೆಯ ಮೇಲೆ ರಟ್ಟುಗಳು ಒಣಗುತ್ತಿದ್ದವು, ಒಲೆಯ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಒಂದು ಸಲ ನಾನು ಹಸಿದು ಬಂದವಳು ಗಂಜಿ ಎಂದುಕೊಂಡು ಅದಕ್ಕೆ ಸೌಟು ಹಾಕಿದ್ದೆ. ಭಾವ ಅದನ್ನು ಹೇಳಿ ನಗುವುದನ್ನು ಸಾಯುವವರೆಗೂ ಬಿಡುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು.

ಅಕ್ಕ ಹೊಲಿಗೆಯವಳು. ಒಟ್ಟಿಗೆ ಮಡಿಸಿದ ಹಾಳೆಗಳ ಕಂತೆಗೆ ಅವರ ಕಸುಬಿನಲ್ಲಿ ಫಾರಂ ಎನ್ನುತ್ತಾರೆ. ಭಾವ ಫಾರಂಗಳನ್ನು ಜೋಡಿಸಿಕೊಂಡು ಮೇಜಿನ ಈ ಕಡೆಯಿಂದ ಒಂದೊಂದೇ ಕೊಡುವರು, ಆ ಕಡೆ ಅಕ್ಕ ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರದಲ್ಲಿ ಒಂದಕ್ಕೊಂದು ಬಿಗಿಯುವಳು. ಅವರ ದಾಂಪತ್ಯ ಎಂದರೆ ಇಷ್ಟೇ ಎಂದು ನಾನು ತಮಾಷೆ ಮಾಡುತ್ತಿದ್ದೆ: ಅವರು ಕೊಡುವುದು, ಇವಳು ಹೊಲಿಯುವುದು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತದ್ದನ್ನು ನಾನು ನೋಡಿಲ್ಲ, ಅತ್ತಿರಬಹುದು. ಭಾವನ ಕೈ ಸ್ವಲ್ಪ ತಡವಾದರೂ ಸಾಕು, ಅಕ್ಕ ತಲೆ ಎತ್ತದೆ "ರೀ, ನಿದ್ದೆ ಹೋದ್ರಾ?" ಎನ್ನುವಳು.

ನಾನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವಳು. ಅಕ್ಷರ ತಪ್ಪಿದರೆ ಊಟ ಸೇರದ ಜಾತಿ. "ನಮ್ಮ ಮದುವೆ ಕಾಗದದಲ್ಲೇ ಮೂರು ತಪ್ಪು ಹುಡುಕಿದೋಳು ಇವಳು" ಎಂದು ಭಾವ ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು. "ನಾಲ್ಕನೇದು ಗಂಡು, ಅದನ್ನ ತಿದ್ದೋಕಾಗ್ಲಿಲ್ಲ" ಎಂದು ನಾನು ಹೇಳುತ್ತಿದ್ದೆ. ಹೀಗೆ ಕಾಲೆಳೆದುಕೊಂಡೇ ನಮಗೆ ತಲೆ ಬೆಳ್ಳಗಾಯಿತು.

ಒಂದು ವಿಷಯದಲ್ಲಿ ಮಾತ್ರ ಭಾವನ ಕಾಲೆಳೆಯುವಂತಿರಲಿಲ್ಲ. ಅವರು ಬೈಂಡ್ ಮಾಡಿದ ಪುಸ್ತಕದಲ್ಲಿ ಹಾಳೆ ಹಿಂದುಮುಂದಾದ ದಾಖಲೆಯೇ ಇಲ್ಲ. ಪ್ರೆಸ್ಸಿನಿಂದ ಬರುವ ಫಾರಂಗಳ ಮಡಿಕೆಯ ಮೇಲೆ ಒಂದೊಂದು ಕಪ್ಪು ಗುರುತು ಇರುತ್ತದೆ. ಎಲ್ಲ ಸರಿಯಾಗಿ ಜೋಡಿಸಿದರೆ ಆ ಗುರುತುಗಳು ಬೆನ್ನಿನ ಮೇಲೆ ಮೆಟ್ಟಿಲಿನಂತೆ ಇಳಿದು ಬರುತ್ತವೆ. ಭಾವ ಆ ಮೆಟ್ಟಿಲನ್ನು ಬೆರಳಲ್ಲಿ ಇಳಿದು ನೋಡದೆ ಅಕ್ಕನ ಕೈಗೆ ಕೊಟ್ಟವರಲ್ಲ. ಇನ್ನು ಕಚೇರಿಗಳ ಕಾಗದದ ಕಟ್ಟುಗಳಲ್ಲಿ ಇಂಥ ಗುರುತು ಇರುವುದಿಲ್ಲವಲ್ಲ, ಅದಕ್ಕೆ ಅಂಗಡಿಯಲ್ಲಿ ಬೇರೆ ಪದ್ಧತಿ: ಬಂದ ಕ್ರಮದಲ್ಲೇ ಹೊಲಿಯಬೇಕು. ಮೊದಲು ಬಂದದ್ದು ಮೊದಲು, ಆಮೇಲೆ ಬಂದದ್ದು ಆಮೇಲೆ. ಬೈಂಡರ್ ಆದವನು ಓದಿ ತೀರ್ಮಾನ ಮಾಡಬಾರದು.

ಅವರ ಮದುವೆಯಾದ ಹೊಸತರಲ್ಲಿ ಗಡಿಯಾರ ರಿಪೇರಿಯವನೊಬ್ಬ ಕಾಮಿಕ್ಸಿನ ಒಂದು ದೊಡ್ಡ ಕಟ್ಟು ತಂದು ಹಾಕಿದ. ಒಂದೇ ಕಥೆಯ ಬಿಡಿ ಸಂಚಿಕೆಗಳು, ಚಿಕ್ಕಂದಿನಿಂದ ಕೂಡಿಟ್ಟವು. ಮುಖಪುಟ ಒಂದಕ್ಕೂ ಇರಲಿಲ್ಲ. ಬಣ್ಣ ಚೆನ್ನಾಗಿದೆ ಎಂದು ಅವನ ಹೆಂಡತಿ ಎಲ್ಲವನ್ನೂ ಕಿತ್ತು ಅಡುಗೆಮನೆಯ ಡಬ್ಬಗಳ ಕೆಳಗೆ ಹಾಸಿದ್ದಳಂತೆ. ಸಂಚಿಕೆಯ ಸಂಖ್ಯೆ ಇದ್ದದ್ದು ಆ ಮುಖಪುಟಗಳ ಮೇಲೆ ಮಾತ್ರ. "ಎಲ್ಲಾ ಸೇರಿಸಿ ಒಂದೇ ಪುಸ್ತಕ ಮಾಡ್ಕೊಡಿ" ಎಂದು ಹೋದ. ಸ್ವಲ್ಪ ದಿನ ಕಳೆದು ಇನ್ನೊಂದು ಸಣ್ಣ ಕಟ್ಟು ತಂದ. ಅಟ್ಟದಲ್ಲಿ ಸಿಕ್ಕಿತಂತೆ. "ಇವನ್ನೂ ಅದರ ಜೊತೆ ಸೇರಿಸ್ಬಿಡಿ" ಎಂದು ಸೈಕಲ್ ಹತ್ತಿದವನು ಮತ್ತೆ ಬರಲಿಲ್ಲ. ಅಂಗಡಿ ಮುಚ್ಚಿ ಊರು ಬಿಟ್ಟ ಎಂದರು ಕೆಲವರು.

ಭಾವ ಪಿನ್ನುಗಳನ್ನು ಕಿತ್ತು, ಸಂಚಿಕೆಗಳನ್ನೇ ಫಾರಂಗಳಾಗಿ ಮಾಡಿ, ಬಂದ ಕ್ರಮದಲ್ಲೇ ಕೊಟ್ಟರು. ದೊಡ್ಡ ಕಟ್ಟು ಮೊದಲು, ಸಣ್ಣ ಕಟ್ಟು ಕೊನೆಗೆ. ಅಕ್ಕ ಹೊಲಿದಳು. ಇಟ್ಟಿಗೆಯಷ್ಟು ದಪ್ಪದ ಪುಸ್ತಕವಾಯಿತು, ನೀಲಿ ಬಟ್ಟೆಯ ಬೆನ್ನು. ವಾರಸುದಾರ ಬಾರದ ಕೆಲಸವನ್ನು ಹಳೆ ಪುಸ್ತಕದವನಿಗೆ ಕೊಡುವುದು ರೂಢಿ. ಅಕ್ಕ ಇದನ್ನು ಮಾತ್ರ ಕೊಡಗೊಡಲಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಅವಳು ಚಿತ್ರಗಳನ್ನು ನೋಡಿಬಿಟ್ಟಿದ್ದಳು.

ಕಥೆ ಹೀಗೆ. ನಕ್ಷತ್ರಗಳ ನಡುವೆ ಒಂದು ಬಾಗಿಲು ಇದೆ, ಅದರಾಚೆ ಎಲ್ಲವನ್ನೂ ನುಂಗುವ ಕತ್ತಲೆ. ಆ ಬಾಗಿಲಿಗೆ ಒಬ್ಬ ಕಾವಲುಗಾರ. ನೀಲಿ ಮೈ, ಅಪಾರ ಶಕ್ತಿ, ಎಲ್ಲ ಗ್ರಹಗಳಿಗೂ ಹಾರಿ ಹೋಗುತ್ತಾನೆ. ಆದರೆ ಭೂಮಿಯ ಮೇಲೆ ಸಮುದ್ರದ ಬದಿಯ ಒಂದು ದೀಪಸ್ತಂಭದಲ್ಲಿ ಅವನಿಗೆ ಬೇಕಾದವಳೊಬ್ಬಳು ಇದ್ದಾಳೆ, ದೀಪ ನೋಡಿಕೊಳ್ಳುವ ಹೆಂಗಸು. ದೊಡ್ಡ ಕಟ್ಟಿನ ಕೊನೆಯಲ್ಲಿ ಅವನು ಬಾಗಿಲನ್ನು ಆಚೆ ಕಡೆಯಿಂದ ಮುಚ್ಚಿ, ತಾನು ಕತ್ತಲೆಯಲ್ಲೇ ಉಳಿದುಬಿಡುತ್ತಾನೆ. ಆಮೇಲೆ ಸಣ್ಣ ಕಟ್ಟು ಬರುತ್ತದೆ. ಆಕಾಶದಿಂದ ಒಬ್ಬ ಬೀಳುತ್ತಾನೆ. ಅದೇ ನೀಲಿ ಮೈ, ಆದರೆ ತಾನು ಯಾರೆಂದು ಗೊತ್ತಿಲ್ಲ, ಅವಳ ಗುರುತಿಲ್ಲ. ದೀಪಸ್ತಂಭದ ಬಾಗಿಲು ತಟ್ಟುತ್ತಾನೆ. ಅವಳು ಬಾಗಿಲು ತೆರೆದು ಹೇಳುತ್ತಾಳೆ: "ಹೊರಗೆ ಚಳಿ ಇದೆ, ಒಳಗೆ ಬನ್ನಿ. ಹೆಸರು ಆಮೇಲೆ ನೆನಪಾಗುತ್ತೆ." ಒಂದೊಂದಾಗಿ ನೆನಪಾಗುತ್ತದೆ. ಕೊನೆಯ ಪುಟದಲ್ಲಿ ಇಬ್ಬರೂ ದೀಪದ ಪಕ್ಕ ನಿಂತು ನಗುತ್ತಿರುತ್ತಾರೆ.

ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಗಂಡ ಹೆಂಡತಿ ಇದನ್ನು ಓದುತ್ತಿದ್ದರು. ಅಕ್ಕ ಕಾವಲುಗಾರನ ಮಾತುಗಳನ್ನು ದನಿ ದಪ್ಪ ಮಾಡಿಕೊಂಡು ಓದುವಳು, ಭಾವ ದೀಪಸ್ತಂಭದ ಹೆಂಗಸಿನದನ್ನು. ನಾನು ಹೋದಾಗಲೂ ನಿಲ್ಲಿಸುತ್ತಿರಲಿಲ್ಲ. "ಪ್ಯಾಂಟಿನ ಮೇಲೆ ಚಡ್ಡಿ ಹಾಕ್ಕೊಂಡು ಓಡಾಡೋನನ್ನ ಇಷ್ಟು ಸಲ ಓದ್ತೀರಲ್ಲ, ನಾಚಿಕೆ ಆಗಲ್ವಾ" ಎಂದು ನಾನು ಮೂಗು ಮುರಿಯುತ್ತಿದ್ದೆ. ಕಥೆ ನಡುವಿನಿಂದ ಶುರುವಾದಂತಿದೆ ಎಂದು ನನಗೆ ಅನುಮಾನ ಬರಬೇಕಿತ್ತು. ಕಾಮಿಕ್ಸಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ.

ಅಕ್ಕನ ಕಾಯಿಲೆ ಹೊಲಿಗೆಯಲ್ಲೇ ಕಾಣಿಸಿಕೊಂಡಿತು. ಹೊಲಿದ ಫಾರಂ ಅನ್ನೇ ಮತ್ತೆ ಹೊಲಿಯುವಳು. ದಾರಕ್ಕೆ ಮೇಣ ಸವರುತ್ತಾ ಸವರುತ್ತಾ ಏನಕ್ಕೆ ಎಂಬುದೇ ಮರೆತು ಕೂರುವಳು. ಆಮೇಲೆ ಒಲೆ, ಬೀಗ, ಬೀದಿ ಎಲ್ಲ ಒಂದೊಂದೇ ಕೈಬಿಟ್ಟವು. ನನ್ನನ್ನು ಅಮ್ಮ ಎನ್ನತೊಡಗಿದಳು. ಸ್ನಾನ ಮಾಡಿಸುವಾಗ ಅದು ನನಗೆ ಹಿತವಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಒಂದು ಬೆಳಿಗ್ಗೆ ಟೀ ತಂದುಕೊಟ್ಟ ಭಾವನನ್ನು ನೋಡಿ ಅವಳು "ಥ್ಯಾಂಕ್ಸ್ ಸಾರ್" ಎಂದಳು. ಅಲ್ಲಿಂದ "ರೀ" ಎಂಬುದು ಆ ಮನೆಯಲ್ಲಿ ಕೇಳಲಿಲ್ಲ. ಭಾವ ಆ ದಿನವೆಲ್ಲ ಕತ್ತರಿಸಿದ ರಟ್ಟನ್ನೇ ಮತ್ತೆ ಕತ್ತರಿಸುತ್ತಾ ನಿಂತಿದ್ದರು.

ಇದು ವಾಪಸ್ ಬರುವ ಕಾಯಿಲೆಯಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಭಾವ ಎಲ್ಲದಕ್ಕೂ ತಲೆ ಆಡಿಸಿ, ಮನೆಗೆ ಬಂದು, ದಪ್ಪ ಪುಸ್ತಕ ತೆಗೆದರು. ಪ್ರತಿ ಸಂಜೆ ಓದತೊಡಗಿದರು, ಈಗ ಎರಡೂ ದನಿ ಅವರದೇ. ದೊಡ್ಡ ಭಾಗ ಬಿಟ್ಟು ಸಣ್ಣ ಕಟ್ಟಿನಿಂದ ಶುರು ಮಾಡುತ್ತಿದ್ದರು, ಅವನು ಬೀಳುವಲ್ಲಿಂದ. ಅಕ್ಕ ತನ್ನ ಕುರ್ಚಿಯಲ್ಲಿ ಕೂತು, ಹೊದಿಕೆಯ ಅಂಚನ್ನು ಬೆರಳಲ್ಲಿ ಹಿಂಡುತ್ತಾ ಕೇಳುವಳು. "ಹೊರಗೆ ಚಳಿ ಇದೆ" ಎಂಬಲ್ಲಿಗೆ ಬಂದಾಗ ಬೆರಳು ನಿಲ್ಲುತ್ತಿತ್ತು.

"ನೋಡಿದ್ಯಾ?" ಎನ್ನುವರು ಭಾವ ನನ್ನ ಕಡೆ ತಿರುಗಿ. "ಅವನಿಗೂ ಏನೂ ನೆನಪಿರ್ಲಿಲ್ಲ ತಾನೆ. ಹೋದೋನು ಬಂದ. ಒಂದೊಂದೇ ನೆನಪಾಯ್ತು."

"ಭಾವ, ಅದು ಕಾಮಿಕ್ಸು."

"ಆದ್ರೇನಂತೆ. ಒಂದು ಸಲ ಸಾಕು ನನಗೆ. ಒಂದೇ ಒಂದು ಸಲ 'ರೀ' ಅಂದ್ರೆ ಸಾಕು."

ಮುದುಕ ಅದೊಂದಕ್ಕೇ ಜೀವ ಹಿಡಿದುಕೊಂಡಿದ್ದಾರೆ ಎಂದು ಕಣ್ಣಿಗೆ ಕಾಣುತ್ತಿತ್ತು. ನನ್ನ ಒಡಹುಟ್ಟಿದವಳು ಅವಳು. ನನಗೂ ಆ ನಂಬಿಕೆ ಬೇಕಾಗಿತ್ತು.

ಹೀಗಿರುವಾಗ ಗ್ರಂಥಾಲಯದ ಹುಡುಗಿ ಎಂದಿನಂತೆ ಹರಿದ ಪುಸ್ತಕಗಳ ಚೀಲ ತಂದಿಟ್ಟು ಹೋದಳು. ಹೊಲಿಗೆಯ ಕೆಲಸವನ್ನು ಭಾವ ಬಿಟ್ಟೇಬಿಟ್ಟಿದ್ದರು, ಅಂಟಿನ ಕೆಲಸ ಮಾತ್ರ ಒಪ್ಪಿಕೊಳ್ಳುತ್ತಿದ್ದರು. ಚೀಲದ ತಳದಿಂದ ದೊಡ್ಡದೊಂದು ಪುಸ್ತಕ ಬಂತು. ಹೊಳೆಯುವ ಕಾಗದ, ಹೊಸ ಮುದ್ರಣ, ಆದರೆ ಬೆನ್ನಿನ ಅಂಟು ಬಿಟ್ಟು ಹಾಳೆಗಳು ಉದುರುತ್ತಿದ್ದವು. ಭಾವ ಅಂಟು ಹಾಕಿದವನಿಗೆ ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ಒಳಗೆ ನೀಲಿ ಮೈಯವನು.

ಕಾವಲುಗಾರನ ಸಂಚಿಕೆಗಳನ್ನೆಲ್ಲ ಒಟ್ಟು ಸೇರಿಸಿ ಯಾರೋ ಹೊಸದಾಗಿ ಅಚ್ಚು ಹಾಕಿದ್ದರು. ಮುಖಪುಟಗಳೂ ಇದ್ದವು. ಭಾವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು. "ಏನೇ, ನೋಡು ಯಾರು ಬಂದಿದ್ದಾರೆ" ಎಂದು ಅಕ್ಕನ ಮುಂದೆ ಹಿಡಿದರು. ಅವಳು ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿ ಕೈ ಬಿಟ್ಟಳು. ನಾನು ಅವಳ ತಲೆ ಬಾಚುತ್ತಿದ್ದೆ. ಭಾವ ಮೇಜಿಗೆ ಹೋಗಿ ಮೊದಲ ಪುಟ ತೆರೆದರು. ಆಮೇಲೆ ಕೊನೆಯ ಪುಟ. ಮತ್ತೆ ಮೊದಲನೆಯದು.

"ಇಲ್ಲಿ ಬಾ," ಎಂದರು ನನಗೆ. "ನೀನು ಪ್ರೂಫ್ ನೋಡೋಳು. ಇವರು ಹಿಂದುಮುಂದು ಮಾಡಿದ್ದಾರೆ ನೋಡು."

ನೋಡಿದೆ. ಮೊದಲ ಮುಖಪುಟದ ಮೇಲೆ ಒಂದು ಎಂಬ ಸಂಖ್ಯೆ, ಕೆಳಗೆ ಆಕಾಶದಿಂದ ಬೀಳುತ್ತಿರುವ ನೀಲಿ ಮನುಷ್ಯ. ಬಿದ್ದ ಪೆಟ್ಟಿಗೆ ತಾನು ಯಾರೆಂದು ಮರೆತಿದ್ದಾನೆ, ಆಮೇಲೆ ನೆನಪಾಗುವುದೂ ಅಷ್ಟೇ; ಭೂಮಿಗೆ ಅವನು ಬಂದದ್ದೇ ಅದು ಮೊದಲ ಸಲ. ಅವಳ ಗುರುತಿಲ್ಲ, ಏಕೆಂದರೆ ಅವಳನ್ನು ಅವನು ಅದಕ್ಕೆ ಮುಂಚೆ ನೋಡಿಯೇ ಇಲ್ಲ. ಅಟ್ಟದ ಮೇಲೆ ಸಿಕ್ಕ ಸಣ್ಣ ಕಟ್ಟು ಕಥೆಯ ಮೊದಲ ಭಾಗವಾಗಿತ್ತು. ಕೊನೆಯ ಸಂಚಿಕೆಯಲ್ಲಿ ಅವನು ಬಾಗಿಲು ಮುಚ್ಚಿಕೊಳ್ಳುತ್ತಾನೆ. ಅವಳು ಮೆಟ್ಟಿಲು ಹತ್ತಿ ಹೋಗಿ ದೀಪ ಆರಿಸುತ್ತಾಳೆ. ಕೆಳಗೆ "ಮುಗಿಯಿತು" ಎಂದು ಅಚ್ಚಾಗಿತ್ತು. ಭಾವ ಆ ಚಿತ್ರವನ್ನು ದೊಡ್ಡ ಕಟ್ಟಿನ ಕೊನೆಯಲ್ಲಿ ನೂರು ಸಲ ನೋಡಿದ್ದರು. ಅಲ್ಲಿ ಹಾಳೆಯ ಕೆಳ ಅಂಚು ಗೆದ್ದಲು ತಿಂದು ಹೋಗಿತ್ತು, ಆ ಮಾತು ಇರಲಿಲ್ಲ.

ಜೀವನವಿಡೀ ತಪ್ಪು ತೋರಿಸಿಯೇ ಸಂಬಳ ತೆಗೆದುಕೊಂಡವಳು, ಆ ದಿನ ನನ್ನ ಕಸುಬಿನ ಮೇಲೇ ಸಿಟ್ಟು ಬಂತು.

"ಇದು ಸರಿಯಾಗಿದೆ ಭಾವ," ಎಂದೆ.

ಅವರು ಪುಸ್ತಕ ಮುಚ್ಚಿದರು. ಗ್ರಂಥಾಲಯದ ಪ್ರತಿಗೆ ಹಾಳೆ ಸರಿಮಾಡಿ, ಅಂಟು ಹಾಕಿ, ಭಾರ ಹೇರಿ ಇಟ್ಟರು. ಆ ಸಂಜೆ ಓದಲಿಲ್ಲ. ಮರುದಿನವೂ ಇಲ್ಲ. ಅಕ್ಕ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಕೂತು, ಅಂಚು ಹಿಂಡುತ್ತಾ, ಪರದೆಯ ಕಡೆ ನೋಡುತ್ತಿದ್ದಳು.

"ಓದಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಜಗಳಕ್ಕೇ ನಿಂತೆ. "ಅವಳಿಗೆ ಮೊದಲು ಯಾವುದು ಕೊನೆ ಯಾವುದು ಅಂತ ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತಲ್ಲ," ಎಂದರು ಭಾವ. "ಅವನು ವಾಪಸ್ ಬರಲೇ ಇಲ್ಲ. ಬಂದ ಬಂದ ಅಂತ ನಾನು ಅವಳಿಗೆ ಓದ್ತಾ ಇದ್ದೆ. ಡಾಕ್ಟರ್ ಹೇಳಿದ್ದೇ ಸರಿ."

ಅಷ್ಟು ಸಣ್ಣ ದನಿ ಅವರದ್ದು ನಾನು ಕೇಳಿರಲಿಲ್ಲ. ಜಗಳವಾಡಲು ಹೋದವಳು ಪಾತ್ರೆ ತೊಳೆದಿಟ್ಟು ಬಂದೆ.

ಅದಾದ ಮೇಲೆ ಒಂದು ಮಧ್ಯಾಹ್ನ ಹೋದಾಗ ಭಾವ ದಪ್ಪ ಪುಸ್ತಕವನ್ನು ಮೇಜಿನ ಮೇಲೆ ಕವುಚಿ ಹಾಕಿ, ಬೆನ್ನಿನ ನೀಲಿ ಬಟ್ಟೆ ಸುಲಿದು, ಚಾಕುವಿನಿಂದ ದಾರ ಕತ್ತರಿಸುತ್ತಿದ್ದರು.

"ಅದು ಅಕ್ಕನ ಹೊಲಿಗೆ," ಎಂದೆ.

"ಹೊಲಿಗೆ ತಪ್ಪಲ್ಲ. ಕೊಟ್ಟ ಕ್ರಮ ತಪ್ಪು. ಕೊಟ್ಟೋನು ನಾನು." ತಲೆ ಎತ್ತಲಿಲ್ಲ. "ನನ್ನ ಅಂಗಡೀಲಿ ತಪ್ಪು ಪುಸ್ತಕ ಇರಬಾರದು."

ಇಷ್ಟು ವರ್ಷದ ಮೇಲೂ ಆ ದಾರ ಗಟ್ಟಿಯಾಗಿತ್ತು, ಮೇಣದ ಹೊಳಪು ಹೋಗಿರಲಿಲ್ಲ. ಚಾಕು ಪ್ರತಿ ಗಂಟಿನಲ್ಲೂ ತಡೆದು ನಿಲ್ಲುತ್ತಿತ್ತು. ನನಗೆ ನೋಡಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಕೊನೆಗೆ ಅವರು ಸಂಚಿಕೆಗಳನ್ನು ಬಿಡಿಸಿ, ಸಣ್ಣ ಕಟ್ಟನ್ನು ಮೇಲಿಟ್ಟು, ದೊಡ್ಡ ಕಟ್ಟನ್ನು ಕೆಳಗಿಟ್ಟು, ಸರಿಯಾದ ಕ್ರಮದಲ್ಲಿ ಜೋಡಿಸಿದರು. ಹೊಲಿಗೆ ಬೇಡ, ಅಂಟೇ ಸಾಕು ಎಂದು ಗೊಣಗುತ್ತಾ ಅಂಟು ಬಿಸಿ ಮಾಡಲು ಒಳಗೆ ಹೋದರು.

ಅವರು ಆ ಕಡೆ ಹೋದರು, ಪರದೆ ಸರಿಸಿಕೊಂಡು ಅಕ್ಕ ಈ ಕಡೆ ಬಂದಳು. ಬಿಡಿ ಫಾರಂಗಳನ್ನು ನೋಡಿದಳು. ಬಂದು, ಯಾರೂ ಹೇಳದೆ, ಮೇಜಿನ ಆಚೆ ತನ್ನ ಹಳೆಯ ಸ್ಟೂಲಿನ ಮೇಲೆ ಕೂತಳು. ಡ್ರಾಯರ್ ಎಳೆದಳು. ದಬ್ಬಣ, ಸೂಜಿ, ದಾರದ ಉಂಡೆ, ಮೇಣದ ತುಂಡು ಅಲ್ಲೇ ಇದ್ದವು. ಭಾವ ಅವನ್ನು ತೆಗೆದಿರಲೇ ಇಲ್ಲ. ಅವಳು ದಾರಕ್ಕೆ ಮೇಣ ಸವರಿ ಸೂಜಿಗೆ ಪೋಣಿಸಿದಳು. ಹಿಂದಿನ ದಿನ ಚಮಚ ಹಿಡಿಯಲು ಬಾರದವಳು. ನಾನು ಅವಳಿಗೆ ಅಡ್ಡವಾಗದಂತೆ ಗೋಡೆಗೆ ಸರಿದೆ.

ಭಾವ ಅಂಟಿನ ಪಾತ್ರೆ ಹಿಡಿದು ಬಂದವರು ಪರದೆಯ ಹತ್ತಿರವೇ ನಿಂತುಬಿಟ್ಟರು. ಅಕ್ಕ ತಲೆ ಎತ್ತದೆ ಅವರ ಕಡೆ ಕೈ ಚಾಚಿದಳು. ಫಾರಂ ಕೊಡಿ ಎಂದು. ಭಾವ ಪಾತ್ರೆಯನ್ನು ನೆಲದ ಮೇಲಿಟ್ಟು, ತಮ್ಮ ಜಾಗಕ್ಕೆ ಬಂದು, ಮೇಲಿನ ಸಂಚಿಕೆ ಎತ್ತಿ ಕೊಟ್ಟರು. ಆಕಾಶದಿಂದ ಬೀಳುವ ಸಂಚಿಕೆ.

ಅಕ್ಕ ಅದನ್ನು ತಿರುಗಿಸಿ ನೋಡಿದಳು. ಮೇಜಿನ ತುದಿಯಲ್ಲಿ ಬೇರೆಯಾಗಿ ಇಟ್ಟಳು.

"ಇದು ಆಮೇಲೆ," ಎಂದಳು. "ಮೊದ್ಲು ಹೋಗ್ಬೇಕು. ಆಮೇಲೆ ಬರೋದು."

ಭಾವ ನನ್ನ ಕಡೆ ನೋಡಿದರು. ಸರಿ ತಪ್ಪು ಹೇಳಲು ಅವರಿಗೆ ಇದ್ದವಳು ನಾನೊಬ್ಬಳೇ. ನಾನು ಮುಖ ತಿರುಗಿಸಿಕೊಂಡೆ. ಅವರು ಸಣ್ಣ ಕಟ್ಟನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟು, ದೊಡ್ಡ ಕಟ್ಟಿನ ಮೊದಲನೆಯದನ್ನು ಕೊಟ್ಟರು. ಅಕ್ಕ ತೆಗೆದುಕೊಂಡು ಹೊಲಿದಳು. ಮುಂದಿನದು. ಅದರ ಮುಂದಿನದು. ಕೆಲವು ಕಡೆ ಸೂಜಿ ತಪ್ಪಿತು, ಅವಳೇ ಬಿಚ್ಚಿ ಮತ್ತೆ ಹಾಕಿದಳು. ಬೀದಿಯಲ್ಲಿ ಬೀಗದವನ ಅರದ ಸದ್ದು, ಇಲ್ಲಿ ಕಾಗದದೊಳಗೆ ದಾರ ಎಳೆಯುವ ಸದ್ದು. ಭಾವನ ಕಣ್ಣಿಂದ ನೀರು ಇಳಿದು ಗಲ್ಲದಲ್ಲಿ ನಿಂತಿತ್ತು, ಒರೆಸಲು ಕೈ ಬಿಡುವಿರಲಿಲ್ಲ. ಅಕ್ಕನಿಗೆ ತಡವಾಗಬಾರದಲ್ಲ. ಬಂದಳು, ಬಂದುಬಿಟ್ಟಳು ಎಂದು ನನ್ನ ಮನಸ್ಸೂ ಕುಣಿಯತೊಡಗಿತ್ತು. ನಾನು ಆ ಕಾಮಿಕ್ಸಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಬಿಸಿಲು ಬಾಗಿಲು ದಾಟಿ ಹೋಗುವ ಹೊತ್ತಿಗೆ ದೊಡ್ಡ ಕಟ್ಟು ಮುಗಿಯಿತು. ಇನ್ನು ಉಳಿದದ್ದು ಸಣ್ಣದು. ಭಾವ ಬೀಳುವವನ ಸಂಚಿಕೆ ಎತ್ತಿಕೊಂಡು, ಬೇಕೆಂದೇ, ಕೊಡದೆ ಕೈಯಲ್ಲೇ ಇಟ್ಟುಕೊಂಡರು. ಯಾಕೆಂದು ನನಗೆ ಗೊತ್ತಾಯಿತು. ತಡ ಮಾಡಿದರೆ ಅವಳು ಯಾವಾಗಲೂ ಅನ್ನುತ್ತಿದ್ದ, 'ರೀ' ಎಂದು ಶುರುವಾಗುವ ಮಾತೊಂದಿತ್ತು.

ಅಕ್ಕನ ಕೈ ಚಾಚಿಯೇ ಇತ್ತು. ಆಮೇಲೆ ಅವಳು ತಲೆ ಎತ್ತಿದಳು. ಭಾವನ ಮುಖವನ್ನು ಚೆನ್ನಾಗಿ ನೋಡಿದಳು.

"ದಣಿವಾಯ್ತಾ ನಿಮಗೆ?" ಎಂದಳು. ಬಹಳ ಮರ್ಯಾದೆಯಿಂದ, ಹೊಸಬರನ್ನು ಕೇಳುವಂತೆ. "ಚೆನ್ನಾಗಿ ಕೊಡ್ತೀರ ಫಾರಂ. ಕೈ ಪಳಗಿದೆ. ನಿಮ್ಮ ಹೆಸರೇನು?"

ಭಾವ ಬಾಯಿ ತೆರೆದರು. ಹೆಸರು ಬರಲಿಲ್ಲ.

"ಇರ್ಲಿ ಬಿಡಿ," ಎಂದಳು ಅಕ್ಕ. "ಹೆಸರು ಆಮೇಲೆ ನೆನಪಾಗುತ್ತೆ." ಅವರ ಕೈಯಿಂದ ಸಂಚಿಕೆಯನ್ನು ತಾನೇ ತೆಗೆದುಕೊಂಡು, ಮಡಿಕೆ ನೀವಿ, ಸೂಜಿ ಹಾಕಿದಳು. "ನಮ್ಮೆಜಮಾನ್ರಿಗೆ ನಿಮ್ಮಂಥೋರು ಬೇಕು, ಒಬ್ರೇ ಕಷ್ಟಪಡ್ತಾರೆ. ನಿಮಗಿಲ್ಲಿ ಕೆಲಸ ಕೊಡಿ ಅಂತ ಹೇಳ್ತೀನಿ. ನಾನು ಹೇಳಿದ್ರೆ ಇಲ್ಲ ಅನ್ನಲ್ಲ."

ನಾನು ಬಾಯಿಗೆ ಬಟ್ಟೆ ಒತ್ತಿಕೊಂಡೆ. ಭಾವ ಮುಖ ಒರೆಸಿಕೊಂಡರು. ಮುಂದಿನ ಸಂಚಿಕೆ ಎತ್ತಿ, ಅಂಚು ಸರಿಮಾಡಿ, ಅವಳ ಕೈಗೆ ಕೊಟ್ಟರು.

"ಅವರು ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳಿದರು.

"ಬರೋ ಹೊತ್ತಾಯ್ತು," ಎಂದಳು ಅಕ್ಕ. "ಕೂತ್ಕೊಳ್ಳಿ."

ಭಾವ ಸ್ಟೂಲು ಎಳೆದುಕೊಂಡು ಕೂತರು.